ಯೂರೋಪಿನ ಬೃಹತ್ ಫುಟ್‌ಬಾಲ್ ಕ್ರೀಡಾಂಗಣಗಳು: ಆಸನದ ಲೆಕ್ಕ, ಬಾಗಿಲಿನ ಲೆಕ್ಕ

1937ರ ಏಪ್ರಿಲ್ 17ರಂದು ಗ್ಲಾಸ್ಗೋ ನಗರದ ಹ್ಯಾಂಪ್ಡನ್ ಪಾರ್ಕ್ ಕ್ರೀಡಾಂಗಣದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ತಂಡಗಳ ನಡುವಣ ಪಂದ್ಯವನ್ನು 1,49,415 ಮಂದಿ ವೀಕ್ಷಿಸಿದರು. ಯೂರೋಪಿನಲ್ಲಿ ನಡೆದ ಅಂತಾರಾಷ್ಟ್ರೀಯ ಫುಟ್‌ಬಾಲ್ ಪಂದ್ಯವೊಂದರ ಅಧಿಕೃತ ಪ್ರೇಕ್ಷಕ ಸಂಖ್ಯೆಯಲ್ಲಿ ಇದು ಇಂದಿಗೂ ದಾಖಲೆ. ಆತಿಥೇಯ ಸ್ಕಾಟ್ಲೆಂಡ್ 3-1ರಿಂದ ಜಯ ಗಳಿಸಿತು. ಒಂದು ವಾರದ ಬಳಿಕ ಅದೇ ಅಂಗಳದಲ್ಲಿ ಸೆಲ್ಟಿಕ್ ಹಾಗೂ ಅಬರ್ಡೀನ್ ಕ್ಲಬ್‌ಗಳ ನಡುವೆ ನಡೆದ ಸ್ಕಾಟಿಷ್ ಕಪ್ ಅಂತಿಮ ಪಂದ್ಯಕ್ಕೆ 1,47,365 ಮಂದಿ ಬಂದಿದ್ದರು. ಅದೇ ಹ್ಯಾಂಪ್ಡನ್ ಪಾರ್ಕ್‌ನ ಇಂದಿನ ಸಾಮರ್ಥ್ಯ ಸುಮಾರು 52 ಸಾವಿರ ಮಾತ್ರ.

ಸುಮಾರು ಒಂದು ಲಕ್ಷ ಜನರ ಸ್ಥಳ ಎಲ್ಲಿ ಹೋಯಿತು? ಫುಟ್‌ಬಾಲ್ ಮೇಲಿನ ಪ್ರೀತಿ ಸ್ಕಾಟ್ಲೆಂಡಿನಲ್ಲಿ ಕುಗ್ಗಿಲ್ಲ, ಕ್ರೀಡಾಂಗಣದ ಜಾಗವೂ ಕುಗ್ಗಿಲ್ಲ. ಬದಲಾಗಿರುವುದು ಜನರನ್ನು ಎಣಿಸುವ ಕ್ರಮ. ಎಷ್ಟು ಮಂದಿ ಒಳಗೆ ಹಿಡಿಸುತ್ತಾರೆ ಎಂಬ ಪ್ರಶ್ನೆಯ ಜಾಗಕ್ಕೆ, ಎಷ್ಟು ಮಂದಿ ಸುರಕ್ಷಿತವಾಗಿ ಒಳಗೆ ಬಂದು ಹೊರಗೆ ಹೋಗಬಲ್ಲರು ಎಂಬ ಪ್ರಶ್ನೆ ಬಂದಿತು. ಈ ಬದಲಾವಣೆಗೆ ಯೂರೋಪ್ ತೆತ್ತ ಬೆಲೆ ದೊಡ್ಡದು. ಖಂಡದ ಪ್ರಮುಖ ಕ್ರೀಡಾಂಗಣಗಳು, ಅಲ್ಲಿ ನಡೆದ ಸ್ಮರಣೀಯ ಪಂದ್ಯಗಳು ಮತ್ತು ಅವುಗಳ ಇಂದಿನ ಸ್ವರೂಪಕ್ಕೆ ಕಾರಣವಾದ ಘಟನೆಗಳ ಪರಿಚಯ ಇಲ್ಲಿದೆ.

ನಿಂತು ನೋಡುತ್ತಿದ್ದ ಕಾಲ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ಕ್ರೀಡಾಂಗಣಗಳಲ್ಲಿ ಆಸನಗಳು ವಿರಳ. ಒಂದು ಬದಿಯಲ್ಲಿ ಸೂರಿರುವ ಗ್ಯಾಲರಿ, ಉಳಿದ ಮೂರು ಬದಿಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿದ 'ಟೆರೇಸ್'. ಅಲ್ಲಿ ಜನ ನಿಂತು ಪಂದ್ಯ ನೋಡುತ್ತಿದ್ದರು. ಕಾರ್ಮಿಕ ವರ್ಗಕ್ಕೆ ಕೈಗೆಟುಕುವ ದರದ ಸ್ಥಳ ಅದೇ ಆಗಿತ್ತು.

ಈ ವಿನ್ಯಾಸದೊಡನೆ ಅಪಾಯವೂ ಮೊದಲಿನಿಂದಲೇ ಬೆಳೆದುಬಂದಿತು. 1902ರ ಏಪ್ರಿಲ್ 5ರಂದು ಗ್ಲಾಸ್ಗೋದ ಐಬ್ರಾಕ್ಸ್ ಕ್ರೀಡಾಂಗಣದಲ್ಲಿ ಮರದ ಟೆರೇಸ್‌ನ ಒಂದು ಭಾಗ ಕುಸಿದು 25 ಮಂದಿ ಸತ್ತರು. ಅದನ್ನು ವಿನ್ಯಾಸಗೊಳಿಸಿದ್ದ ಎಂಜಿನಿಯರ್ ಆರ್ಚಿಬಾಲ್ಡ್ ಲೀಚ್ ಬಳಿಕ ಮಣ್ಣಿನ ದಿಬ್ಬದ ಮೇಲೆ ಭದ್ರವಾದ ಟೆರೇಸ್ ಕಟ್ಟುವ ಕ್ರಮಕ್ಕೆ ಹೊರಳಿದರು. ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್ ಸೇರಿದಂತೆ ಬ್ರಿಟನ್ನಿನ ಹಲವು ಹೆಸರಾಂತ ಕ್ರೀಡಾಂಗಣಗಳು ಅವರ ಕೈಯಿಂದಲೇ ರೂಪುಗೊಂಡವು.

ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದ ಮೊದಲ ಪಂದ್ಯವೇ ಮುನ್ನೆಚ್ಚರಿಕೆಯಂತಿತ್ತು. 1923ರ ಏಪ್ರಿಲ್ 28ರಂದು ಬೋಲ್ಟನ್ ವಾಂಡರರ್ಸ್ ಮತ್ತು ವೆಸ್ಟ್ ಹ್ಯಾಮ್ ನಡುವಣ ಎಫ್‌ಎ ಕಪ್ ಫೈನಲ್‌ಗೆ ಅಧಿಕೃತ ಲೆಕ್ಕದಂತೆ 1,26,047 ಮಂದಿ ಬಂದಿದ್ದರು. ಗೋಡೆ ಹಾರಿ ಬಂದವರನ್ನೂ ಸೇರಿಸಿದರೆ ಎರಡು ಲಕ್ಷ ದಾಟಿತ್ತು ಎಂಬ ಅಂದಾಜಿದೆ. ಜನ ಆಟದ ಅಂಗಳವನ್ನೇ ತುಂಬಿದರು. ಬಿಲ್ಲಿ ಎಂಬ ಕುದುರೆಯೇರಿದ ಪೊಲೀಸ್ ಸಿಬ್ಬಂದಿ ಜಾರ್ಜ್ ಸ್ಕೋರಿ ಮತ್ತು ಸಹೋದ್ಯೋಗಿಗಳು ಜನರನ್ನು ಗೆರೆಯಾಚೆಗೆ ಸರಿಸಿದ ಮೇಲೆ, 45 ನಿಮಿಷ ತಡವಾಗಿ ಆಟ ಆರಂಭವಾಯಿತು. 'ಬಿಳಿ ಕುದುರೆಯ ಫೈನಲ್' ಎಂದೇ ಅದು ಹೆಸರಾಯಿತು. ಮುಂದಿನ ಫೈನಲ್‌ಗಳಿಗೆ ಮುಂಗಡ ಟಿಕೆಟ್ ಕಡ್ಡಾಯವಾಯಿತು. ಆದರೆ ಇತರ ಕ್ರೀಡಾಂಗಣಗಳಲ್ಲಿ ಹಳೆಯ ರೂಢಿಯೇ ಮುಂದುವರಿಯಿತು.

ಆ ಕಾಲದ ವೈಭವವನ್ನು ಅಲ್ಲಗಳೆಯುವಂತಿಲ್ಲ. 1960ರಲ್ಲಿ ಹ್ಯಾಂಪ್ಡನ್ ಪಾರ್ಕ್‌ನಲ್ಲಿ ನಡೆದ ಯೂರೋಪಿಯನ್ ಕಪ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್, ಜರ್ಮನಿಯ ಐನ್‌ಟ್ರಾಕ್ಟ್ ಫ್ರಾಂಕ್‌ಫರ್ಟ್ ತಂಡವನ್ನು 7-3ರಿಂದ ಮಣಿಸಿತು. ಪುಷ್ಕಾಷ್ ನಾಲ್ಕು, ಡಿ ಸ್ಟೆಫಾನೊ ಮೂರು ಗೋಲು ಹೊಡೆದ ಆ ಪಂದ್ಯವನ್ನು ನೋಡಿದವರು 1.27 ಲಕ್ಷಕ್ಕೂ ಹೆಚ್ಚು ಮಂದಿ. 1970ರಲ್ಲಿ ಸೆಲ್ಟಿಕ್ ಮತ್ತು ಲೀಡ್ಸ್ ನಡುವಣ ಸೆಮಿಫೈನಲ್‌ಗೆ ಅಲ್ಲೇ 1,36,505 ಮಂದಿ ಸೇರಿದ್ದರು.

ಮೆಟ್ಟಿಲುಗಳ ಮೇಲಿನ ಸಾವು

ಈ ವೈಭವದ ಜೊತೆಗೇ ದುರಂತಗಳ ಸಾಲೂ ಸಾಗಿಬಂದಿತು. 1946ರ ಮಾರ್ಚ್ 9ರಂದು ಬೋಲ್ಟನ್ನಿನ ಬರ್ನ್‌ಡನ್ ಪಾರ್ಕ್‌ನಲ್ಲಿ ನೂಕುನುಗ್ಗಲಿಗೆ 33 ಮಂದಿ ಬಲಿಯಾದರು. 1971ರ ಜನವರಿ 2ರಂದು ಐಬ್ರಾಕ್ಸ್ ಮತ್ತೆ ಸುದ್ದಿಯಾಯಿತು. ರೇಂಜರ್ಸ್ ಮತ್ತು ಸೆಲ್ಟಿಕ್ ಪಂದ್ಯ 1-1ರಲ್ಲಿ ಮುಗಿದು ಜನ ಹೊರಡುತ್ತಿದ್ದಾಗ 13ನೇ ಸಂಖ್ಯೆಯ ಮೆಟ್ಟಿಲುದಾರಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು 66 ಮಂದಿ ಸತ್ತರು. ಅದೇ ಮೆಟ್ಟಿಲುಗಳಲ್ಲಿ 1961ರಲ್ಲಿ ಇಬ್ಬರು ಸತ್ತಿದ್ದರು. 1967 ಮತ್ತು 1969ರಲ್ಲಿಯೂ ಹಲವರು ಗಾಯಗೊಂಡಿದ್ದರು. ಮೂರು ಎಚ್ಚರಿಕೆಗಳ ಬಳಿಕವೂ ಮೆಟ್ಟಿಲಿನ ವಿನ್ಯಾಸ ಬದಲಾಗಿರಲಿಲ್ಲ.

ಈ ದುರಂತದ ಫಲವಾಗಿ ಬ್ರಿಟನ್ 1975ರಲ್ಲಿ ಕ್ರೀಡಾಂಗಣ ಸುರಕ್ಷತಾ ಕಾಯಿದೆಯನ್ನು ತಂದಿತು. ಸ್ಥಳೀಯ ಆಡಳಿತದಿಂದ ಸುರಕ್ಷತಾ ಪ್ರಮಾಣಪತ್ರ ಪಡೆಯುವ ಪದ್ಧತಿ ಬಂದಿತು. ಜನಪ್ರವಾಹದ ಲೆಕ್ಕಾಚಾರವನ್ನು ವಿವರಿಸುವ 'ಹಸಿರು ಕೈಪಿಡಿ' 1973ರಲ್ಲೇ ಪ್ರಕಟವಾಗಿತ್ತು. ಐಬ್ರಾಕ್ಸ್ ಆಡಳಿತವು ಜರ್ಮನಿಯ ಡಾರ್ಟ್‌ಮುಂಡ್ ಕ್ರೀಡಾಂಗಣವನ್ನು ಮಾದರಿಯಾಗಿ ಇರಿಸಿಕೊಂಡು 1978ರಿಂದ 1981ರ ನಡುವೆ ಹೊಸ ಗ್ಯಾಲರಿಗಳನ್ನು ಕಟ್ಟಿಸಿತು.

ಉಳಿದೆಡೆ ಪಾಠ ತಲುಪಲಿಲ್ಲ. 1982ರ ಅಕ್ಟೋಬರ್ 20ರಂದು ಮಾಸ್ಕೋದ ಲುಝ್ನಿಕಿ ಕ್ರೀಡಾಂಗಣದಲ್ಲಿ ಸ್ಪಾರ್ಟಕ್ ಮಾಸ್ಕೋ ಮತ್ತು ಹಾಲೆಂಡಿನ ಹಾರ್ಲೆಮ್ ನಡುವಣ ಪಂದ್ಯದ ಕೊನೆಯಲ್ಲಿ ಹಿಮಗಟ್ಟಿದ ಮೆಟ್ಟಿಲುಗಳ ಮೇಲೆ ಅಧಿಕೃತವಾಗಿ 66 ಮಂದಿ ಸತ್ತರು. ಸತ್ತವರಲ್ಲಿ ಬಹುಪಾಲು ಎಳೆಯರು. ಈ ಸುದ್ದಿಯ ವಿವರಗಳು ಸೋವಿಯತ್ ಪತ್ರಿಕೆಗಳಲ್ಲಿ ಬಹಿರಂಗವಾದದ್ದು 1989ರಲ್ಲಿ.

1985ರ ಮೇ ತಿಂಗಳಲ್ಲಿ ಎರಡು ದುರಂತಗಳು ಸಂಭವಿಸಿದವು. ಮೇ 11ರಂದು ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್‌ನಲ್ಲಿ ಮರದ ಗ್ಯಾಲರಿಯ ಅಡಿಯಲ್ಲಿ ಶೇಖರವಾಗಿದ್ದ ಕಸಕ್ಕೆ ಬೆಂಕಿ ತಗುಲಿತು. ನಾಲ್ಕು ನಿಮಿಷಗಳೊಳಗೆ ಜ್ವಾಲೆ ಇಡೀ ಗ್ಯಾಲರಿಯನ್ನು ಆವರಿಸಿತು. ಹಿಂಭಾಗದ ಬಾಗಿಲುಗಳಿಗೆ ಬೀಗ ಹಾಕಲಾಗಿತ್ತು. 56 ಮಂದಿ ಮೃತಪಟ್ಟರು. ಮೇ 29ರಂದು ಬ್ರಸೆಲ್ಸ್‌ನ ಹೇಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ಯುವೆಂಟಸ್ ನಡುವಣ ಯೂರೋಪಿಯನ್ ಕಪ್ ಫೈನಲ್‌ಗೆ ಮುನ್ನ ಲಿವರ್‌ಪೂಲ್ ಬೆಂಬಲಿಗರು ಮುನ್ನುಗ್ಗಿದಾಗ ಹಳೆಯ ಗೋಡೆ ಕುಸಿದು 39 ಮಂದಿ ಪ್ರಾಣ ಕಳೆದುಕೊಂಡರು. ಆದರೂ ಪಂದ್ಯ ನಡೆಯಿತು. ಯುವೆಂಟಸ್ 1-0ರಿಂದ ಗೆದ್ದಿತು. ಇಂಗ್ಲಿಷ್ ಕ್ಲಬ್‌ಗಳನ್ನು ಐದು ವರ್ಷ ಯೂರೋಪಿನ ಸ್ಪರ್ಧೆಗಳಿಂದ ದೂರವಿಡಲಾಯಿತು.

ಹಿಲ್ಸ್‌ಬರೊ: ಏಳು ಗೇಟುಗಳ ಲೆಕ್ಕ

ಎಲ್ಲಕ್ಕಿಂತ ಹೆಚ್ಚು ಪರಿಣಾಮ ಬೀರಿದ್ದು 1989ರ ಏಪ್ರಿಲ್ 15ರ ಹಿಲ್ಸ್‌ಬರೊ ದುರಂತ. ಶೆಫೀಲ್ಡ್ ನಗರದ ಈ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಗಳ ನಡುವೆ ಎಫ್‌ಎ ಕಪ್ ಸೆಮಿಫೈನಲ್ ನಿಗದಿಯಾಗಿತ್ತು.

ಲೆಪ್ಪಿಂಗ್ಸ್ ಲೇನ್ ಬದಿಯ ಟೆರೇಸ್‌ನಲ್ಲಿ ನಿಂತು ನೋಡಲು ಲಿವರ್‌ಪೂಲ್‌ನ 10,100 ಬೆಂಬಲಿಗರಿಗೆ ಟಿಕೆಟ್ ನೀಡಲಾಗಿತ್ತು. ಅವರೆಲ್ಲರಿಗೂ ಇದ್ದದ್ದು ಒಬ್ಬೊಬ್ಬರನ್ನೇ ಒಳಬಿಡುವ ಏಳು ತಿರುಗುಗೇಟುಗಳು. ಅಂದಿನ ಹಸಿರು ಕೈಪಿಡಿಯ ಪ್ರಕಾರ ಇಂತಹ ಒಂದು ಗೇಟಿನ ಮೂಲಕ ಗಂಟೆಗೆ ಹೆಚ್ಚೆಂದರೆ 750 ಮಂದಿ ಹಾದುಹೋಗಬಹುದಿತ್ತು. ಅಂದರೆ ಏಳು ಗೇಟುಗಳಿಂದ ಗಂಟೆಗೆ 5,250 ಮಂದಿ. 10,100 ಮಂದಿ ಒಳಗೆ ಬರಲು ಸುಮಾರು ಎರಡು ಗಂಟೆ ಬೇಕು. ಮಧ್ಯಾಹ್ನ 2.30ರ ವೇಳೆಗೆ ಒಳಗೆ ಬಂದಿದ್ದವರು 4,383 ಮಂದಿ. ಪಂದ್ಯ ಆರಂಭವಾಗಬೇಕಿದ್ದದ್ದು 3 ಗಂಟೆಗೆ. ಉಳಿದ ಅರ್ಧ ಗಂಟೆಯಲ್ಲಿ ಈ ಗೇಟುಗಳು ಹೆಚ್ಚೆಂದರೆ ಎರಡೂವರೆ ಸಾವಿರ ಚಿಲ್ಲರೆ ಮಂದಿಯನ್ನು ಒಳಬಿಡಬಲ್ಲವಾಗಿದ್ದವು. ಹೊರಗೆ ಉಳಿದಿದ್ದವರು ಐದು ಸಾವಿರಕ್ಕೂ ಹೆಚ್ಚು. ಟಿಕೆಟ್ ಅಚ್ಚಾದ ದಿನವೇ ತಿಳಿಯಬಹುದಾಗಿದ್ದ ಲೆಕ್ಕವಿದು.

ಹೊರಗಿನ ಒತ್ತಡ ತಾಳಲಾಗದೆ 2.52ಕ್ಕೆ ಪೊಲೀಸರು 'ಸಿ' ಎಂಬ ನಿರ್ಗಮನದ ಗೇಟನ್ನು ತೆರೆಸಿದರು. ಸುಮಾರು ಎರಡು ಸಾವಿರ ಮಂದಿ ನೇರವಾಗಿ ಎದುರಿನ ಸುರಂಗದೊಳಕ್ಕೆ ಹೋದರು. ಆ ದಾರಿ ತಲುಪುತ್ತಿದ್ದುದು ಈಗಾಗಲೇ ಕಿಕ್ಕಿರಿದಿದ್ದ ನಡುವಿನ ಎರಡು ಆವರಣಗಳಿಗೆ. ಮುಂದೆ ಎತ್ತರದ ಕಬ್ಬಿಣದ ಬೇಲಿ. ಅಕ್ಕಪಕ್ಕದ ಆವರಣಗಳಲ್ಲಿ ಸ್ಥಳವಿದ್ದರೂ ಅಲ್ಲಿಗೆ ಕಳುಹಿಸುವವರು ಇರಲಿಲ್ಲ. 3 ಗಂಟೆ 6 ನಿಮಿಷಕ್ಕೆ ಆಟ ನಿಲ್ಲಿಸಲಾಯಿತು. ಒಟ್ಟು 97 ಮಂದಿ ಜೀವ ಕಳೆದುಕೊಂಡರು. ಅಂದಿನ ಗಾಯಗಳ ಪರಿಣಾಮದಿಂದ 97ನೆಯವರು ಕೊನೆಯುಸಿರೆಳೆದದ್ದು 2021ರಲ್ಲಿ.

ಕುಡಿದು, ಟಿಕೆಟ್ ಇಲ್ಲದೆ ಬಂದ ಅಭಿಮಾನಿಗಳೇ ಕಾರಣರೆಂಬ ಆರೋಪ ಅಂದೇ ಹಬ್ಬಿತು. ಮೃತರ ಕುಟುಂಬಗಳು ಅದನ್ನು ಒಪ್ಪದೆ ದಶಕಗಳ ಕಾಲ ಹೋರಾಡಿದವು. 2012ರಲ್ಲಿ ಸ್ವತಂತ್ರ ಸಮಿತಿಯು ಸತ್ಯಾಂಶವನ್ನು ಹೊರಗೆಡಹಿತು. 2016ರಲ್ಲಿ ಮರಣ ವಿಚಾರಣೆಯ ಜ್ಯೂರಿಯು ಇದು ಕಾನೂನುಬಾಹಿರ ಹತ್ಯೆ, ಅಭಿಮಾನಿಗಳ ತಪ್ಪೇನೂ ಇಲ್ಲ ಎಂದು ತೀರ್ಮಾನಿಸಿತು. ಆ ತೀರ್ಪಿಗೆ 27 ವರ್ಷ ಹಿಡಿಯಿತು.

ಎಲ್ಲರಿಗೂ ಆಸನ

ನ್ಯಾಯಮೂರ್ತಿ ಟೇಲರ್ ಅವರ ಅಂತಿಮ ವರದಿ 1990ರ ಜನವರಿಯಲ್ಲಿ ಹೊರಬಂದಿತು. ಅದರ ಶಿಫಾರಸಿನಂತೆ ಇಂಗ್ಲೆಂಡಿನ ಮೇಲಿನ ಎರಡು ವಿಭಾಗಗಳ ಕ್ಲಬ್‌ಗಳು 1994ರೊಳಗೆ ತಮ್ಮ ಕ್ರೀಡಾಂಗಣಗಳನ್ನು ಸಂಪೂರ್ಣ ಆಸನವ್ಯವಸ್ಥೆಗೆ ಬದಲಾಯಿಸಬೇಕಾಯಿತು. ಬೇಲಿಗಳು ಇಳಿದವು. ಲಿವರ್‌ಪೂಲ್‌ನ ಆನ್‌ಫೀಲ್ಡ್ ಕ್ರೀಡಾಂಗಣದ 'ಕಾಪ್' ಟೆರೇಸ್‌ನಲ್ಲಿ ಒಂದು ಕಾಲಕ್ಕೆ ಸುಮಾರು 28 ಸಾವಿರ ಮಂದಿ ನಿಲ್ಲುತ್ತಿದ್ದರು. ಆಸನಗಳು ಬಂದ ಮೇಲೆ ಅಲ್ಲಿ ಉಳಿದದ್ದು ಸುಮಾರು 12 ಸಾವಿರ ಸ್ಥಳ. ಯೂರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ ಕೂಡ ತನ್ನ ಪಂದ್ಯಗಳಿಗೆ ಆಸನವನ್ನು ಕಡ್ಡಾಯಗೊಳಿಸಿತು.

ಸುರಕ್ಷತೆ ಬಂದಿತು, ಜೊತೆಗೆ ಟಿಕೆಟ್ ದರವೂ ಏರಿತು. ತಲೆಮಾರುಗಳಿಂದ ಟೆರೇಸ್‌ನಲ್ಲಿ ನಿಂತು ನೋಡುತ್ತಿದ್ದ ಬಡ ಪ್ರೇಕ್ಷಕರಲ್ಲಿ ಅನೇಕರು ಕ್ರೀಡಾಂಗಣದಿಂದ ದೂರವಾದರು. ಜರ್ಮನಿ ಬೇರೆ ದಾರಿ ಹಿಡಿಯಿತು. ಡಾರ್ಟ್‌ಮುಂಡ್‌ನ ದಕ್ಷಿಣ ಗ್ಯಾಲರಿಯಲ್ಲಿ ಇಂದಿಗೂ ಸುಮಾರು 25 ಸಾವಿರ ಮಂದಿ ನಿಂತೇ ಪಂದ್ಯ ನೋಡುತ್ತಾರೆ. ಅವರ ಉಡುಪಿನ ಬಣ್ಣದಿಂದ ಅದಕ್ಕೆ 'ಹಳದಿ ಗೋಡೆ' ಎಂಬ ಹೆಸರು. ಪ್ರತಿ ಸಾಲಿನಲ್ಲೂ ಕಂಬಿಯಿದ್ದು ಜನ ಮುಂದಕ್ಕೆ ಉರುಳದಂತೆ ತಡೆಯುವ 'ಸುರಕ್ಷಿತ ನಿಲುಗಡೆ' ವ್ಯವಸ್ಥೆಗೆ ಇಂಗ್ಲೆಂಡ್ ಸಹ 2022ರಿಂದ ಅನುಮತಿ ನೀಡಿದೆ. ಟೀಕೆ ಇದ್ದದ್ದು ನಿಲ್ಲುವುದರ ಬಗ್ಗೆ ಅಷ್ಟಾಗಿ ಅಲ್ಲ, ಲೆಕ್ಕವಿಲ್ಲದೆ ತುಂಬುವುದರ ಬಗ್ಗೆ ಎಂಬ ವಾದಕ್ಕೆ ಹೀಗೆ ಮನ್ನಣೆ ದೊರೆತಿದೆ.

ಪ್ರಮುಖ ಕ್ರೀಡಾಂಗಣಗಳು

ಕ್ಯಾಂಪ್ ನೌ, ಬಾರ್ಸಿಲೋನಾ: 1957ರ ಸೆಪ್ಟೆಂಬರ್ 24ರಂದು ಆರಂಭ. 1982ರ ವಿಶ್ವಕಪ್‌ಗಾಗಿ ವಿಸ್ತರಿಸಿದಾಗ ಸುಮಾರು 1.20 ಲಕ್ಷ ಮಂದಿಗೆ ಸ್ಥಳವಿತ್ತು. ಪೂರ್ಣ ಆಸನವ್ಯವಸ್ಥೆಯ ಬಳಿಕ 99,354ಕ್ಕೆ ಇಳಿಯಿತು. 1999ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕೊನೆಯ ಕ್ಷಣಗಳಲ್ಲಿ ಎರಡು ಗೋಲು ಹೊಡೆದು ಬೇಯರ್ನ್ ಮ್ಯೂನಿಕ್ ತಂಡವನ್ನು 2-1ರಿಂದ ಸೋಲಿಸಿದ್ದು ಇಲ್ಲಿಯೇ. 2022ರ ಏಪ್ರಿಲ್ 22ರಂದು ಬಾರ್ಸಿಲೋನಾ ಮತ್ತು ವುಲ್ಫ್ಸ್‌ಬರ್ಗ್ ಮಹಿಳಾ ತಂಡಗಳ ಪಂದ್ಯಕ್ಕೆ 91,648 ಮಂದಿ ಬಂದಿದ್ದರು. ನವೀಕರಣಕ್ಕಾಗಿ 2023ರಲ್ಲಿ ಮುಚ್ಚಲಾಯಿತು. ನಗರಾಡಳಿತವು ಮೊದಲು 27 ಸಾವಿರ, ಬಳಿಕ ಸುಮಾರು 45 ಸಾವಿರ ಪ್ರೇಕ್ಷಕರಿಗೆ ಹಂತಹಂತವಾಗಿ ಪರವಾನಗಿ ನೀಡಿದ ಮೇಲೆ 2025ರ ನವೆಂಬರ್ 22ರಂದು ತಂಡ ಇಲ್ಲಿಗೆ ಮರಳಿತು. ಕಾಮಗಾರಿಯ ಅಂತಿಮ ಗುರಿ ಸುಮಾರು 1.05 ಲಕ್ಷ ಆಸನ.

ವೆಂಬ್ಲಿ, ಲಂಡನ್: ಹಳೆಯ ಕ್ರೀಡಾಂಗಣದಲ್ಲಿ 1966ರ ವಿಶ್ವಕಪ್ ಫೈನಲ್ ನಡೆದು ಇಂಗ್ಲೆಂಡ್ 4-2ರಿಂದ ಪಶ್ಚಿಮ ಜರ್ಮನಿಯನ್ನು ಸೋಲಿಸಿತು. ಅದನ್ನು ಕೆಡವಿ ಕಟ್ಟಿದ ಹೊಸ ವೆಂಬ್ಲಿ 2007ರಲ್ಲಿ ತೆರೆಯಿತು. ಸಾಮರ್ಥ್ಯ 90 ಸಾವಿರ. ಮೇಲಿನ ಉಕ್ಕಿನ ಕಮಾನಿನ ಎತ್ತರ 133 ಮೀಟರ್. 2022ರ ಮಹಿಳಾ ಯೂರೋ ಫೈನಲ್‌ಗೆ 87,192 ಮಂದಿ ಸೇರಿದ್ದರು.

ಸ್ಯಾಂಟಿಯಾಗೊ ಬರ್ನಬೇವು, ಮ್ಯಾಡ್ರಿಡ್: 1947ರ ಡಿಸೆಂಬರ್ 14ರಂದು ಆರಂಭ, ಸಾಮರ್ಥ್ಯ 80 ಸಾವಿರದ ಆಸುಪಾಸು. 1982ರ ವಿಶ್ವಕಪ್ ಫೈನಲ್ ಹಾಗೂ 2010ರ ಚಾಂಪಿಯನ್ಸ್ ಲೀಗ್ ಫೈನಲ್ ನಡೆದ ಸ್ಥಳ. 2019ರಲ್ಲಿ ಆರಂಭವಾದ ನವೀಕರಣದಲ್ಲಿ ಮುಚ್ಚಿ ತೆರೆಯಬಹುದಾದ ಚಾವಣಿ ಬಂದಿದೆ. ಹುಲ್ಲಿನ ಅಂಗಳವನ್ನೇ ಪಟ್ಟಿಗಳಾಗಿ ನೆಲದಡಿಗೆ ಇಳಿಸಿ ಇಡುವ ವ್ಯವಸ್ಥೆಯೂ ಇದೆ. ನೆರೆಹೊರೆಯವರು ಶಬ್ದದ ಬಗ್ಗೆ ದೂರಿದ್ದರಿಂದ 2024ರಲ್ಲಿ ಇಲ್ಲಿನ ಸಂಗೀತ ಕಾರ್ಯಕ್ರಮಗಳನ್ನು ಸ್ಥಗಿತಗೊಳಿಸಬೇಕಾಯಿತು.

ವೆಸ್ಟ್‌ಫಾಲನ್ ಕ್ರೀಡಾಂಗಣ, ಡಾರ್ಟ್‌ಮುಂಡ್: 1974ರ ವಿಶ್ವಕಪ್‌ಗಾಗಿ ನಿರ್ಮಾಣ. ನಿಲ್ಲುವ ಸ್ಥಳವೂ ಸೇರಿ 81,365 ಮಂದಿಗೆ ಅವಕಾಶ. ಯೂರೋಪಿನ ಪಂದ್ಯಗಳಿಗೆ ದಕ್ಷಿಣ ಗ್ಯಾಲರಿಯಲ್ಲಿ ಆಸನ ಜೋಡಿಸಬೇಕಾಗಿದ್ದ ಕಾಲದಲ್ಲಿ ಒಟ್ಟು ಸಾಮರ್ಥ್ಯ ಸುಮಾರು 66 ಸಾವಿರಕ್ಕೆ ಇಳಿಯುತ್ತಿತ್ತು. 2006ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಟಲಿ ಇಲ್ಲಿ ಜರ್ಮನಿಯನ್ನು 2-0ರಿಂದ ಸೋಲಿಸಿತು.

ಸಾನ್ ಸಿರೊ, ಮಿಲಾನ್: 1926ರ ಸೆಪ್ಟೆಂಬರ್ 19ರಂದು ಆರಂಭ, 75 ಸಾವಿರಕ್ಕೂ ಹೆಚ್ಚು ಆಸನ. ಎಸಿ ಮಿಲಾನ್ ಮತ್ತು ಇಂಟರ್ ಎಂಬ ಎರಡು ಎದುರಾಳಿ ಕ್ಲಬ್‌ಗಳಿಗೆ ಇದೇ ತವರು. 1990ರ ವಿಶ್ವಕಪ್‌ಗಾಗಿ ಮೂರನೆಯ ಅಂತಸ್ತು ಹಾಗೂ 11 ಕಾಂಕ್ರೀಟ್ ಗೋಪುರಗಳನ್ನು ಸೇರಿಸಲಾಯಿತು. 2025ರಲ್ಲಿ ನಗರಾಡಳಿತ ಇದನ್ನು ಎರಡೂ ಕ್ಲಬ್‌ಗಳಿಗೆ ಮಾರಿತು. ಪಕ್ಕದಲ್ಲೇ ಹೊಸ ಕ್ರೀಡಾಂಗಣ ಕಟ್ಟುವ ಯೋಜನೆಯಿದೆ.

ಅಲಿಯಾಂಝ್ ಅರೇನಾ, ಮ್ಯೂನಿಕ್: 2005ರಲ್ಲಿ ಆರಂಭ, ಸುಮಾರು 75 ಸಾವಿರ. ಹೊರಮೈ ಪಾರದರ್ಶಕ ಪ್ಲಾಸ್ಟಿಕ್ ಗಾಳಿದಿಂಬುಗಳಿಂದ ಕೂಡಿದ್ದು, ಬಣ್ಣ ಬದಲಿಸುತ್ತ ಬೆಳಗುತ್ತದೆ. 2025ರ ಮೇ 31ರಂದು ಪ್ಯಾರಿಸ್ ಸೇಂಟ್ ಜರ್ಮೇನ್ ತಂಡವು ಇಂಟರ್ ವಿರುದ್ಧ 5-0ರಿಂದ ಗೆದ್ದು ತನ್ನ ಮೊದಲ ಚಾಂಪಿಯನ್ಸ್ ಲೀಗ್ ಪ್ರಶಸ್ತಿ ಪಡೆದದ್ದು ಇಲ್ಲಿ.

ಒಲಿಂಪಿಕ್ ಕ್ರೀಡಾಂಗಣ, ಬರ್ಲಿನ್: 1936ರ ಒಲಿಂಪಿಕ್ಸ್‌ಗಾಗಿ ನಿರ್ಮಾಣ, ಸುಮಾರು 74 ಸಾವಿರ. 2006ರ ವಿಶ್ವಕಪ್ ಫೈನಲ್ ಮತ್ತು ಸ್ಪೇನ್ 2-1ರಿಂದ ಇಂಗ್ಲೆಂಡನ್ನು ಸೋಲಿಸಿದ 2024ರ ಯೂರೋ ಫೈನಲ್ ನಡೆದ ಅಂಗಳ.

ಲುಝ್ನಿಕಿ, ಮಾಸ್ಕೋ: 1956ರಲ್ಲಿ ಆರಂಭ, ನವೀಕರಣದ ಬಳಿಕ 81 ಸಾವಿರ ಆಸನ. 2018ರ ವಿಶ್ವಕಪ್ ಫೈನಲ್‌ನಲ್ಲಿ ಫ್ರಾನ್ಸ್ ಇಲ್ಲಿ ಕ್ರೊವೇಷ್ಯಾವನ್ನು 4-2ರಿಂದ ಮಣಿಸಿತು.

ಸ್ಟೇಡ್ ಡಿ ಫ್ರಾನ್ಸ್, ಪ್ಯಾರಿಸ್ ಸಮೀಪ: 1998ರಲ್ಲಿ ಆರಂಭ, ಸುಮಾರು 80 ಸಾವಿರ. ಅದೇ ವರ್ಷದ ವಿಶ್ವಕಪ್ ಫೈನಲ್‌ನಲ್ಲಿ ಆತಿಥೇಯ ಫ್ರಾನ್ಸ್ 3-0ರಿಂದ ಬ್ರೆಜಿಲ್ ವಿರುದ್ಧ ಗೆದ್ದಿತು.

ಯಾವ ಪಂದ್ಯ ಎಲ್ಲಿ?

ಲೀಗ್ ಪಂದ್ಯಗಳಲ್ಲಿ ಪ್ರತಿ ತಂಡವೂ ಎದುರಾಳಿಯೊಡನೆ ಒಮ್ಮೆ ತವರಿನಲ್ಲಿ, ಒಮ್ಮೆ ಹೊರಗೆ ಆಡುತ್ತದೆ. ಹೀಗಾಗಿ ಕ್ಲಬ್‌ನ ಸ್ವಂತ ಕ್ರೀಡಾಂಗಣಕ್ಕೆ ವರ್ಷವಿಡೀ ಕೆಲಸ. ವೆಂಬ್ಲಿ, ಸ್ಟೇಡ್ ಡಿ ಫ್ರಾನ್ಸ್, ಹ್ಯಾಂಪ್ಡನ್ ಪಾರ್ಕ್‌ಗಳು ರಾಷ್ಟ್ರೀಯ ತಂಡದ ಪಂದ್ಯಗಳಿಗೆ ಹೆಸರಾದವು. ಎಫ್‌ಎ ಕಪ್ ಫೈನಲ್ ವೆಂಬ್ಲಿಯಲ್ಲಿ, ಜರ್ಮನ್ ಕಪ್ ಫೈನಲ್ 1985ರಿಂದ ಬರ್ಲಿನ್‌ನಲ್ಲಿ ನಡೆಯುತ್ತಿದೆ.

ಚಾಂಪಿಯನ್ಸ್ ಲೀಗ್ ಫೈನಲ್‌ನ ಸ್ಥಳವನ್ನು ಯಾವ ತಂಡಗಳು ಬರುತ್ತವೆಂದು ತಿಳಿಯುವ ಮೊದಲೇ ಯುಇಎಫ್‌ಎ ನಿಗದಿ ಮಾಡುತ್ತದೆ. 2012ರಲ್ಲಿ ಬೇಯರ್ನ್ ಮ್ಯೂನಿಕ್ ತನ್ನ ತವರಿನಲ್ಲೇ ಫೈನಲ್ ಆಡಿ ಚೆಲ್ಸಿಯ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಸೋತದ್ದುಂಟು. ಇಂತಹ ಪಂದ್ಯಗಳಲ್ಲಿ ಪ್ರೇಕ್ಷಕರಲ್ಲಿ ಬಹುಪಾಲು ಮಂದಿಗೆ ಕ್ರೀಡಾಂಗಣದ ದಾರಿ, ಗೇಟು, ರೈಲು ನಿಲ್ದಾಣ ಎಲ್ಲವೂ ಹೊಸತು. ಲೀಗ್ ಪಂದ್ಯದ ವ್ಯವಸ್ಥೆ ಫೈನಲ್‌ಗೆ ಸಾಲದಿರುವುದು ಈ ಕಾರಣಕ್ಕೆ.

ಅಪಾಯ ಈಗ ಹೊರಬಾಗಿಲಲ್ಲಿ

ಗ್ಯಾಲರಿಗಳು ಸುರಕ್ಷಿತವಾದಂತೆ ಅಪಾಯವು ಗೇಟಿನ ಹೊರಗೆ ಸರಿದಿದೆ. 2021ರ ಜುಲೈ 11ರಂದು ವೆಂಬ್ಲಿಯಲ್ಲಿ ಇಂಗ್ಲೆಂಡ್ ಮತ್ತು ಇಟಲಿ ನಡುವಣ ಯೂರೋ 2020 ಫೈನಲ್‌ಗೆ ಟಿಕೆಟ್ ಇಲ್ಲದ ಸುಮಾರು ಎರಡು ಸಾವಿರ ಮಂದಿ ಗೇಟು ಮುರಿದು ಒಳನುಗ್ಗಿದರೆಂದು ಅಂದಾಜು. ಕೋವಿಡ್ ಕಾರಣ ಪ್ರೇಕ್ಷಕರನ್ನು ಸುಮಾರು 67 ಸಾವಿರಕ್ಕೆ ಮಿತಿಗೊಳಿಸಲಾಗಿತ್ತು. ಸಾವು ಸಂಭವಿಸುವ ಹಂತಕ್ಕೆ ಪರಿಸ್ಥಿತಿ ಹೋಗಿತ್ತು ಎಂದು ಬ್ಯಾರನೆಸ್ ಕೇಸಿ ಅವರ ಪರಾಮರ್ಶೆ ವರದಿ ಎಚ್ಚರಿಸಿತು.

2022ರ ಮೇ 28ರಂದು ಸ್ಟೇಡ್ ಡಿ ಫ್ರಾನ್ಸ್‌ನಲ್ಲಿ ಲಿವರ್‌ಪೂಲ್ ಮತ್ತು ರಿಯಲ್ ಮ್ಯಾಡ್ರಿಡ್ ನಡುವಣ ಚಾಂಪಿಯನ್ಸ್ ಲೀಗ್ ಫೈನಲ್ ಅರ್ಧ ಗಂಟೆಗೂ ಹೆಚ್ಚು ತಡವಾಯಿತು. ಸಾವಿರಾರು ಮಂದಿ ಹೆದ್ದಾರಿಯ ಕೆಳಗಿನ ಇಕ್ಕಟ್ಟಾದ ದಾರಿಯಲ್ಲಿ ಸಿಲುಕಿದರು. ಪೊಲೀಸರು ಅಶ್ರುವಾಯು ಪ್ರಯೋಗಿಸಿದರು. ನಕಲಿ ಟಿಕೆಟ್ ಹಿಡಿದು ಬಂದ ಅಭಿಮಾನಿಗಳೇ ಕಾರಣ ಎಂದು ಫ್ರಾನ್ಸ್ ಸರ್ಕಾರ ಮೊದಲಿಗೆ ಹೇಳಿತು. ಸ್ವತಂತ್ರ ತನಿಖಾ ಸಮಿತಿಯು 2023ರ ಫೆಬ್ರುವರಿಯಲ್ಲಿ ಆ ವಾದವನ್ನು ತಳ್ಳಿಹಾಕಿ, ಪ್ರಧಾನ ಹೊಣೆ ಯುಇಎಫ್‌ಎಯದು ಎಂದಿತು. ಅಂದಿನ ಪ್ರೇಕ್ಷಕರಲ್ಲಿ ಹಿಲ್ಸ್‌ಬರೊದಲ್ಲಿ ಬದುಕಿ ಉಳಿದವರೂ ಇದ್ದರು.

ಈ ಮಾತು ಕನ್ನಡಿಗರಿಗೆ ದೂರದ್ದಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಎಂ. ಚಿನ್ನಸ್ವಾಮಿ ಕ್ರಿಕೆಟ್ ಕ್ರೀಡಾಂಗಣದ ಗೇಟುಗಳ ಹೊರಗೆ ಐಪಿಎಲ್ ವಿಜಯೋತ್ಸವಕ್ಕೆ ಸೇರಿದ್ದ ಜನಸಂದಣಿಯ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಸುಮಾರು 35 ಸಾವಿರ ಮಂದಿ ಹಿಡಿಯುವ ಸ್ಥಳಕ್ಕೆ ಲಕ್ಷಾಂತರ ಜನ ಬಂದಿದ್ದರು. ಇಷ್ಟು ದೊಡ್ಡ ಜನಸಮೂಹಕ್ಕೆ ಕ್ರೀಡಾಂಗಣದ ವಿನ್ಯಾಸ ಸುರಕ್ಷಿತವಲ್ಲ ಎಂದು ನ್ಯಾಯಮೂರ್ತಿ ಮೈಕೆಲ್ ಡಿ'ಕುನ್ಹಾ ಆಯೋಗ ಅಭಿಪ್ರಾಯಪಟ್ಟಿತು. ಆಟ ಬೇರೆ, ಊರು ಬೇರೆಯಾದರೂ ಗೇಟಿನ ಮುಂದಿನ ಗಣಿತ ಒಂದೇ.

ಹಸಿರು ಕೈಪಿಡಿಯು ಗ್ಯಾಲರಿಯಿಂದ ಎಲ್ಲರೂ ಹೊರಹೋಗಲು ಹೆಚ್ಚೆಂದರೆ ಎಂಟು ನಿಮಿಷವನ್ನು ಸೂಚಿಸುತ್ತದೆ. ನಿರ್ಗಮನದ ದಾರಿಯ ಅಗಲ, ಮೆಟ್ಟಿಲಿನ ಸ್ಥಿತಿ, ಗೇಟುಗಳ ಸಂಖ್ಯೆ ಇವೆಲ್ಲವನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಬಂದ ಅಂಕಿಗಳಲ್ಲಿ ಅತಿ ಚಿಕ್ಕದನ್ನೇ ಕ್ರೀಡಾಂಗಣದ ಸಾಮರ್ಥ್ಯವೆಂದು ಒಪ್ಪಬೇಕೆಂಬುದು ಅದರ ನಿಯಮ. ಆಸನಗಳು ಒಂದು ಲಕ್ಷ ಇದ್ದರೂ ಬಾಗಿಲುಗಳು 60 ಸಾವಿರಕ್ಕೆ ಸಾಕಾಗುವಷ್ಟಿದ್ದರೆ ಆ ಕ್ರೀಡಾಂಗಣದ ಸಾಮರ್ಥ್ಯ 60 ಸಾವಿರವೇ. ಹ್ಯಾಂಪ್ಡನ್ ಪಾರ್ಕ್‌ನ ಇಂದಿನ 52 ಸಾವಿರದ ಅಂಕಿಯನ್ನು ಈ ನಿಯಮದ ಬೆಳಕಿನಲ್ಲಿ ಓದಬೇಕು.